ಚಿತ್ತಗಾಂಗಿನ ಸೊಸೆ ನೆಲ್ಲಿ ಸೇನ್‌ಗುಪ್ತ

ಹೈಸ್ಕೂಲಿನಲ್ಲಿ ಸ್ವಾತಂತ್ರ್ಯ ಹೋರಾಟದ ಪಾಠ ನಡೆಯುವಾಗ ಕಾಂಗ್ರೆಸ್ ಅಧ್ಯಕ್ಷರ ಪಟ್ಟಿಯಲ್ಲಿ ಒಂದು ಹೆಸರು ಬಂದೊಡನೆ ಮಕ್ಕಳು ಕಿಸಕ್ಕೆಂದು ನಗುತ್ತಾರೆ. 1933, ಕಲ್ಕತ್ತಾ, ನೆಲ್ಲಿ ಸೇನ್‌ಗುಪ್ತ. ಕನ್ನಡದಲ್ಲಾಗಲಿ ಮಲೆಯಾಳದಲ್ಲಾಗಲಿ ನೆಲ್ಲಿ ಎಂದರೆ ಒಂದೇ ಕಾಯಿ; ಉಪ್ಪಿನಕಾಯಿಯ ಭರಣಿ ನೆನಪಾಗದ ಮಕ್ಕಳು ನಮ್ಮ ಕಡೆ ಯಾರಿದ್ದಾರೆ? ಒಮ್ಮೆ ನಗು ಅಡಗಿದ ಮೇಲೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಈ ಅಧ್ಯಕ್ಷೆ ಆಮೇಲೆ ಏನು ಮಾಡಿದರೆಂದು ಕೇಳಿದಳು. ಹುಟ್ಟಿನಿಂದ ಇಂಗ್ಲೆಂಡಿನವರು, ಬಂಗಾಲದ ನಾಯಕ ಜತೀಂದ್ರಮೋಹನ ಸೇನ್‌ಗುಪ್ತರ ಪತ್ನಿ ಎಂದಷ್ಟು ಹೇಳುವಾಗಲೇ ಗಂಟೆ ಹೊಡೆಯಿತು, ನಾನು ಪಾರಾದೆ. ಆದರೆ ಆಕೆಯ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ನಂತರ ಓದಿ ತಿಳಿದಾಗ ಆಶ್ಚರ್ಯವಾಯಿತು. ಪಟ್ಟಿಯಲ್ಲಿ ಈಕೆಗೆ ಸ್ಥಾನ ಸಿಕ್ಕಿದ್ದು ಕೆಲವೇ ನಿಮಿಷ ನಡೆದ ಒಂದು ಭಾಷಣಕ್ಕೆ. ಆದರೆ ಈಕೆ ನಮ್ಮ ಉಪಖಂಡದಲ್ಲಿ ಬಾಳಿದ್ದು 64 ವರ್ಷ. ಅದರಲ್ಲಿ ಹೆಚ್ಚಿನ ಪಾಲು ಹೋದದ್ದು ಒಂದು ಪ್ರಾಂತದ, ಅದರಲ್ಲೂ ಅದರ ಮೂಲೆಯ ಒಂದು ಜಿಲ್ಲೆಯ ಕೆಲಸಕ್ಕೆ. ನಾನು ಬರೆಯಬೇಕೆಂದಿರುವುದು ಆ ಭಾಗವನ್ನು.

ಹುಟ್ಟಿದ್ದು 1886ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದಲ್ಲಿ. ಹೆತ್ತವರು ಇಟ್ಟ ಹೆಸರು ಎಡಿತ್ ಎಲೆನ್ ಗ್ರೇ. ತಂದೆ ಫ್ರೆಡರಿಕ್ ಗ್ರೇ ಅಲ್ಲಿನ ಒಂದು ಕ್ಲಬ್ಬಿನಲ್ಲಿ ಕೆಲಸಕ್ಕಿದ್ದವರು. ದೊಡ್ಡ ಮನೆತನವಲ್ಲ. ವಿಶ್ವವಿದ್ಯಾಲಯದ ಊರುಗಳಲ್ಲಿ ಪರಊರಿನ ವಿದ್ಯಾರ್ಥಿಗಳಿಗೆ ಮನೆಯಲ್ಲಿ ಕೋಣೆ ಬಾಡಿಗೆಗೆ ಕೊಟ್ಟು ಊಟ ಹಾಕುವ ಪದ್ಧತಿ ಇತ್ತು. ಹಾಗೆ ಗ್ರೇ ದಂಪತಿಗಳ ಮನೆಯಲ್ಲಿ ಬಂದು ಉಳಿದವರಲ್ಲಿ ಒಬ್ಬರು ಚಿತ್ತಗಾಂಗಿನ ಜತೀಂದ್ರಮೋಹನ ಸೇನ್‌ಗುಪ್ತ. ಡೌನಿಂಗ್ ಕಾಲೇಜಿನಲ್ಲಿ ಓದುತ್ತಿದ್ದ ಯುವಕ. ತಂದೆ ಜಾತ್ರಾಮೋಹನರು ಊರಿನ ಪ್ರಸಿದ್ಧ ವಕೀಲರು, ಬಂಗಾಲ ಶಾಸನ ಪರಿಷತ್ತಿನ ಸದಸ್ಯರು. ಮಗ ಬ್ಯಾರಿಸ್ಟರನಾಗಿ ಬರಲೆಂದು ಕಳುಹಿಸಿದ್ದರು. ಮಗ ಬ್ಯಾರಿಸ್ಟರನೂ ಆದ, ಜೊತೆಗೆ ಸೊಸೆಯನ್ನೂ ಕರೆತಂದ. 1909ರಲ್ಲಿ ಮದುವೆ. ಹುಡುಗಿಯ ಮನೆಯವರಿಗೆ ಇದು ಒಪ್ಪಿಗೆಯಿರಲಿಲ್ಲ. ಆಕೆ ಅವರ ಮಾತು ಮೀರಿ ಗಂಡನೊಂದಿಗೆ ಹಡಗು ಹತ್ತಿದರು. ಆಗ ವಯಸ್ಸು 23.

ಬಿಳಿಯರು ಆಳುತ್ತಿದ್ದ ದೇಶಕ್ಕೆ ಬಿಳಿಯ ಹುಡುಗಿಯೊಬ್ಬಳು ಆಳಿಸಿಕೊಳ್ಳುವವರ ಮನೆಯ ಸೊಸೆಯಾಗಿ ಬರುವುದು ಸುಲಭದ ಸಂಗತಿಯಲ್ಲ. ಅಲ್ಲಿನ ಇಂಗ್ಲಿಷ್ ಸಮಾಜ ಅಂಥವರನ್ನು ತನ್ನವರೆಂದು ಸೇರಿಸಿಕೊಳ್ಳುತ್ತಿರಲಿಲ್ಲ. ಈ ಕಡೆ ಕೂಡುಕುಟುಂಬದ ಮನೆ, ಪರದೆಯ ಪದ್ಧತಿ, ಹೊಸ ಊಟ, ಹೊಸ ಭಾಷೆ. ಆದರೂ ಆಕೆ ಒಗ್ಗಿಕೊಂಡರು. ಪತಿ ಕಲ್ಕತ್ತೆಯ ಹೈಕೋರ್ಟಿನಲ್ಲಿ ವಕೀಲಿ ನಡೆಸುತ್ತಿದ್ದರು. ಶಿಶಿರ, ಅನಿಲ ಎಂಬ ಇಬ್ಬರು ಗಂಡುಮಕ್ಕಳಾದರು. ಗಂಡನ ಮೂಲ ಊರು ಚಿತ್ತಗಾಂಗ್ ಬಂಗಾಲದ ಆಗ್ನೇಯ ಮೂಲೆಯಲ್ಲಿದೆ, ಬರ್ಮಾದ ಮಗ್ಗುಲಲ್ಲಿ. ಗುಡ್ಡ, ಹೊಳೆ, ಕಡಲು ಮೂರೂ ಕೂಡಿದ ಊರು. ಕರ್ಣಫುಲಿ ಹೊಳೆ ಕಡಲು ಸೇರುವ ಕಡೆ ದೊಡ್ಡ ಬಂದರು. ಚಂದ್ರಗಿರಿ ಹೊಳೆಯ ದಡದ ನಮಗೆ ಆ ಚಿತ್ರ ಅಪರಿಚಿತ ಎನಿಸದು. ಕಲ್ಕತ್ತೆಯವರಿಗೆ ಮಾತ್ರ ಅದು ದೂರದ ಮೂಲೆ, ಆಡುಮಾತು ಕೂಡ ಬೇರೆ.

1921ರವರೆಗೆ ಈಕೆಯದು ದೊಡ್ಡ ವಕೀಲರ ಮನೆಯ ಗೃಹಿಣಿಯ ಬಾಳು. ಆ ವರ್ಷ ಗಾಂಧೀಜಿಯವರ ಅಸಹಕಾರ ಚಳುವಳಿಗೆ ಓಗೊಟ್ಟು ಜತೀಂದ್ರಮೋಹನರು ಕೈತುಂಬ ವರಮಾನವಿದ್ದ ವಕೀಲಿಯನ್ನು ಬಿಟ್ಟರು. ಅದೇ ಬೇಸಗೆಯಲ್ಲಿ ಆದ ಒಂದು ಘಟನೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ನೆಲ್ಲಿಯವರು ಮನೆಯ ಹೊಸಿಲು ದಾಟಿದ್ದು ಅದರಿಂದ.

ಅಸ್ಸಾಮಿನ ಚಹಾ ತೋಟಗಳಿಗೆ ದೂರದೂರದ ಜಿಲ್ಲೆಗಳಿಂದ ಕೂಲಿಗಳನ್ನು ಕರಾರು ಬರೆಸಿ ಒಯ್ಯುತ್ತಿದ್ದರು. ಘಟ್ಟದ ಮೇಲಿನ ಕಾಫಿ ತೋಟಗಳಿಗೆ ಮುಂಗಡ ಪಡೆದು ಹೋಗಿ ಸಾಲ ತೀರಿಸಲಾರದೆ ಉಳಿದವರ ಕಥೆಗಳು ನಮ್ಮ ಹಿರಿಯರಿಗೆ ಗೊತ್ತಿದ್ದವು. ಇದೂ ಅದೇ ಜಾತಿಯದು, ಅದಕ್ಕಿಂತ ಕ್ರೂರವಾದದ್ದು. 1921ರ ಮೇ ತಿಂಗಳಲ್ಲಿ ಚರ್ಗೋಲಾ ಕಣಿವೆಯ ತೋಟಗಳ ಸಾವಿರಾರು ಕೂಲಿಗಳು ಹೆಂಗಸರು ಮಕ್ಕಳ ಸಮೇತ ಕೆಲಸ ಬಿಟ್ಟು ಊರಿನ ದಾರಿ ಹಿಡಿದರು. ನಡೆದು, ಸಿಕ್ಕಿದ ರೈಲು ಹತ್ತಿ, ಮೇಘನಾ ನದಿಯ ದಡದ ಚಾಂದ್‌ಪುರ ಎಂಬ ಕಡವಿಗೆ ಬಂದು ಸೇರಿದರು. ಅಲ್ಲಿಂದ ಮುಂದೆ ಸ್ಟೀಮರಿಗೆ ಬಿಡಲಿಲ್ಲ. ಒಂದು ರಾತ್ರಿ ರೈಲು ನಿಲ್ದಾಣದಲ್ಲಿ ಮಲಗಿದ್ದವರ ಮೇಲೆ ಗೂರ್ಖಾ ಸಿಪಾಯಿಗಳನ್ನು ಬಿಟ್ಟರು. ಈ ಸುದ್ದಿ ಹರಡಿದೊಡನೆ ಅಸ್ಸಾಂ-ಬಂಗಾಲ ರೈಲ್ವೆಯ ನೌಕರರೂ ಸ್ಟೀಮರಿನ ಕೆಲಸಗಾರರೂ ಮುಷ್ಕರ ಹೂಡಿದರು. ಆ ರೈಲ್ವೆಯ ಮುಖ್ಯ ಠಾಣೆ ಚಿತ್ತಗಾಂಗ್. ಮುಷ್ಕರದ ಮುಂದಾಳು ಜತೀಂದ್ರಮೋಹನ ಸೇನ್‌ಗುಪ್ತ.

ಮುಷ್ಕರ ತಿಂಗಳುಗಟ್ಟಲೆ ಎಳೆಯಿತು. ಸಂಬಳವಿಲ್ಲದ ಸಾವಿರಾರು ಕುಟುಂಬಗಳ ಊಟದ ಹೊಣೆ ಮುಂದಾಳಿನ ತಲೆಗೆ ಬಂತು. ಜತೀಂದ್ರಮೋಹನರು ತಮ್ಮ ಹೆಸರಿನಲ್ಲಿ ಸಾಲ ಎತ್ತಿ ಆ ಕುಟುಂಬಗಳನ್ನು ಸಾಕಿದರು. ಸರಕಾರ ಅವರನ್ನು ಸೆರೆಗೆ ಹಾಕಿತು. ಜಿಲ್ಲೆಯ ಅಧಿಕಾರಿಗಳು ಸಭೆ ಸೇರುವುದನ್ನು ನಿಷೇಧಿಸಿದರು. ಆಗ ನೆಲ್ಲಿಯವರು ಹೊರಬಂದು ಸಭೆಗಳಲ್ಲಿ ಮಾತನಾಡಿದರು, ನಿಷೇಧ ಮುರಿದು ಬಂಧನಕ್ಕೆ ಒಳಗಾದರು. ಚಿತ್ತಗಾಂಗಿನ ಬೀದಿಗಳಲ್ಲಿ ಖಾದಿಯ ಗಂಟು ಹೊತ್ತು ಮನೆಯಿಂದ ಮನೆಗೆ ಮಾರಿದರು. ಖಾದಿ ಮಾರುವುದೇ ಆಗ ಕಾನೂನು ಮುರಿದಂತಾಗುತ್ತಿತ್ತು.

ಇಂಗ್ಲೆಂಡಿನ ಗಿರಣಿಯ ಬಟ್ಟೆ ಬಿಟ್ಟು ನೂಲುಬಟ್ಟೆ ಕೊಳ್ಳಿ ಎಂದು ಇಂಗ್ಲೆಂಡಿನ ಹೆಂಗಸೊಬ್ಬಳು ಬಾಗಿಲಿಗೆ ಬಂದು ನಿಂತರೆ ಒಳಗಿನವರಿಗೆ ಹೇಗಾಗಿರಬೇಡ! ಅದೇ ಪಟ್ಟಣದ ಪಹಾಡ್‌ತಲಿಯಲ್ಲಿ ಬಿಳಿಯರಿಗೆಂದೇ ಮೀಸಲಾದ ಯುರೋಪಿಯನ್ ಕ್ಲಬ್ಬಿತ್ತು. ಜನ್ಮದ ಲೆಕ್ಕದಲ್ಲಿ ಆಕೆಗೆ ಅದರ ಬಾಗಿಲು ತೆರೆದಿರಬಹುದಿತ್ತು. ಆ ಕ್ಲಬ್ಬಿನ ಹೆಸರು ಚರಿತ್ರೆಯಲ್ಲಿ ಉಳಿದದ್ದು ಬೇರೆ ಕಾರಣಕ್ಕೆ. 1930ರ ಏಪ್ರಿಲಿನಲ್ಲಿ ಸೂರ್ಯ ಸೇನ್ ಎಂಬ ಶಾಲಾ ಮಾಷ್ಟ್ರು ತಮ್ಮ ಹುಡುಗರನ್ನು ಕಟ್ಟಿಕೊಂಡು ಚಿತ್ತಗಾಂಗಿನ ಶಸ್ತ್ರಾಗಾರದ ಮೇಲೆ ದಾಳಿ ಮಾಡಿದರು. 1932ರಲ್ಲಿ ಅದೇ ತಂಡದ ಪ್ರೀತಿಲತಾ ವಡ್ಡೇದಾರ್, ಆಕೆಯೂ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ, ಆ ಕ್ಲಬ್ಬಿನ ಮೇಲಿನ ದಾಳಿಯ ಮುಂದಾಳಾಗಿ ನಿಂತು ವಿಷ ಸೇವಿಸಿ ಸತ್ತರು. ಸೂರ್ಯ ಸೇನರನ್ನು 1934ರ ಜನವರಿಯಲ್ಲಿ ಗಲ್ಲಿಗೇರಿಸಿದರು. ನೆಲ್ಲಿಯವರ ದಾರಿ ಬಂದೂಕಿನದಲ್ಲ. ಆದರೆ ಅವರು ಬದುಕಿದ ಊರು ಎಂಥದೆಂಬುದು ಗೊತ್ತಿರಬೇಕು. ಅಂಥ ಊರಿನಲ್ಲಿ ಬಿಳಿಯ ಚರ್ಮದ ಹೆಂಗಸೊಬ್ಬಳು ಊರಿನವಳಾಗಿ ನಡೆದಾಡಿದಳೆಂದರೆ ಅದು ಆಕೆ ದುಡಿದು ಸಂಪಾದಿಸಿದ ವಿಶ್ವಾಸ.

ನಡುವಿನ ಏಳೆಂಟು ವರ್ಷಗಳನ್ನು ಬೇಗ ದಾಟಬಹುದು. 1925ರಲ್ಲಿ ಚಿತ್ತರಂಜನ ದಾಸರು ತೀರಿಕೊಂಡ ಮೇಲೆ ಜತೀಂದ್ರಮೋಹನರು ಬಂಗಾಲ ಕಾಂಗ್ರೆಸ್ಸಿನ ಅಧ್ಯಕ್ಷತೆ, ಶಾಸನ ಪರಿಷತ್ತಿನಲ್ಲಿ ಸ್ವರಾಜ್ಯ ಪಕ್ಷದ ನಾಯಕತ್ವ, ಕಲ್ಕತ್ತಾ ನಗರದ ಮೇಯರ್ ಪದವಿ ಮೂರನ್ನೂ ಹೊತ್ತರು. ಐದು ಬಾರಿ ಮೇಯರಾದರು. ಜನ ಅವರನ್ನು ದೇಶಪ್ರಿಯ ಎಂದು ಕರೆದರು. ಪತ್ನಿ ಅವರ ಜೊತೆಯಲ್ಲಿ ಊರೂರು ತಿರುಗಿದರು. ಕಾನೂನುಭಂಗ ಚಳುವಳಿಯ ಕಾಲದಲ್ಲಿ ದಿಲ್ಲಿಯಲ್ಲಿ ನಿಷೇಧಿತ ಸಭೆಯಲ್ಲಿ ಮಾತನಾಡಿದ್ದಕ್ಕಾಗಿ ನೆಲ್ಲಿಯವರಿಗೆ ನಾಲ್ಕು ತಿಂಗಳ ಸೆರೆಮನೆ ಆಯಿತು. 1932ರ ಜನವರಿಯಲ್ಲಿ ವಿಲಾಯತಿಯಿಂದ ಮರಳುತ್ತಿದ್ದ ಜತೀಂದ್ರಮೋಹನರನ್ನು ಮುಂಬಯಿ ಬಂದರಿನಲ್ಲಿ ಹಡಗಿನಿಂದ ಇಳಿಯುವ ಮೊದಲೇ ಹಿಡಿದರು. ಅವರು ಮತ್ತೆ ಸ್ವತಂತ್ರರಾಗಿ ಮನೆಗೆ ಬರಲಿಲ್ಲ.

ಇನ್ನು ಆ ಪ್ರಸಿದ್ಧ ಕೆಲವು ನಿಮಿಷಗಳ ಕಥೆ. 1933ರಲ್ಲಿ ಕಾಂಗ್ರೆಸ್ ಸಂಸ್ಥೆಯೇ ಕಾನೂನುಬಾಹಿರವಾಗಿತ್ತು. ಆದರೂ ಕಲ್ಕತ್ತೆಯಲ್ಲಿ ಅಧಿವೇಶನ ನಡೆಸುವುದೆಂದು ತೀರ್ಮಾನವಾಯಿತು. ಅಧ್ಯಕ್ಷರಾಗಬೇಕಿದ್ದ ಮದನಮೋಹನ ಮಾಳವೀಯರನ್ನು ಬರುವ ದಾರಿಯಲ್ಲಿ ಆಸನ್‌ಸೋಲಿನಲ್ಲಿ ಬಂಧಿಸಿದರು. ನಾನಾ ಕಡೆಗಳಿಂದ ಹೊರಟ ನೂರಾರು ಪ್ರತಿನಿಧಿಗಳನ್ನು ದಾರಿಯಲ್ಲೇ ತಡೆದರು. ಮಂಟಪವಿಲ್ಲ, ಮೆರವಣಿಗೆಯಿಲ್ಲ. ಅಂಥ ಹೊತ್ತಿನಲ್ಲಿ ಅಧ್ಯಕ್ಷೆಯಾಗಿ ನೆಲ್ಲಿಯವರನ್ನು ಆರಿಸಿದರು. ನಗರದ ನಡುವಿನ ಎಸ್ಪ್ಲನೇಡಿನಲ್ಲಿ ಪ್ರತಿನಿಧಿಗಳು ದಿಢೀರನೆ ಸೇರಿದರು. ಪೋಲೀಸರ ಲಾಠಿ ಬೀಸುತ್ತಿರುವಾಗಲೇ ನಿರ್ಣಯಗಳನ್ನು ಓದಿ ಒಪ್ಪಿದರು. ಅಧ್ಯಕ್ಷೆಯ ಭಾಷಣ ಮುಗಿಯುವ ಮೊದಲೇ ಅವರನ್ನು ಹಿಡಿದೊಯ್ದರು. ಆನಿ ಬೆಸೆಂಟ್ ಮತ್ತು ಸರೋಜಿನಿ ನಾಯಿಡು ಅವರ ನಂತರ ಕಾಂಗ್ರೆಸ್ಸಿನ ಅಧ್ಯಕ್ಷರಾದ ಮೂರನೆಯ ಮಹಿಳೆ ಇವರು. ಗಂಡ ಸೆರೆಯಲ್ಲಿದ್ದಾಗ ಹೆಂಡತಿ ಅಧ್ಯಕ್ಷೆ. ಅದೇ ವರ್ಷ ಜುಲೈಯಲ್ಲಿ ರಾಂಚಿಯಲ್ಲಿ, ಸರಕಾರದ ಬಂಧನದಲ್ಲಿದ್ದಂತೆಯೇ, ಜತೀಂದ್ರಮೋಹನರು ತೀರಿಕೊಂಡರು. ಅವರಿಗೆ ಆಗ 48.

ನನ್ನ ಎಣಿಕೆಯಲ್ಲಿ ನೆಲ್ಲಿಯವರ ಸ್ವಂತ ಬಾಳು ಆರಂಭವಾಗುವುದು ಇಲ್ಲಿಂದ. ವಿಧವೆ, ವಯಸ್ಸು 47, ಹುಟ್ಟಿದ ದೇಶ ಹಡಗಿನ ದಾರಿಯಲ್ಲಿ ಮೂರು ವಾರದಾಚೆ. ಮರಳಿ ಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಹೋಗಲಿಲ್ಲ.

ಮೊದಲು ಸಿಕ್ಕಿದ ಸ್ಥಾನ ಕಲ್ಕತ್ತಾ ಕಾರ್ಪೊರೇಶನ್ನಿನದು. ಅಲ್ಲಿ ಚುನಾಯಿತ ಸದಸ್ಯರು ತಮ್ಮ ಮತದಿಂದ ಐವರು ಹಿರಿಯರನ್ನು ಆಲ್ಡರ್‌ಮನ್ ಎಂಬ ಹೆಸರಿನಲ್ಲಿ ಸಭೆಗೆ ಸೇರಿಸಿಕೊಳ್ಳುವ ಕ್ರಮವಿತ್ತು. 1933ರಲ್ಲಿ ಒಮ್ಮೆ, 1936ರಲ್ಲಿ ಮತ್ತೊಮ್ಮೆ ನೆಲ್ಲಿಯವರನ್ನು ಹೀಗೆ ಆರಿಸಿದರು. ಗಂಡ ಮೇಯರಾಗಿ ಕುಳಿತ ಸಭಾಂಗಣದಲ್ಲಿ ಹೆಂಡತಿ ಸದಸ್ಯೆಯಾಗಿ ಕುಳಿತರು. ಮೊದಲ ಸಲ ಆರಿಸಿದ್ದರಲ್ಲಿ ಅನುಕಂಪದ ಪಾಲು ಇದ್ದಿರಬಹುದು. ಎರಡನೆಯ ಸಲಕ್ಕೆ ಆ ಮಾತು ಸಲ್ಲದು.

ನಂತರದ್ದು ಪ್ರಾಂತದ ಶಾಸನಸಭೆ. ಹೆಂಗಸರಿಗೆ ಶಾಸನಸಭೆ ಎಷ್ಟು ದೂರದ ಮಾತಾಗಿತ್ತು ಎಂಬುದಕ್ಕೆ ನಮ್ಮ ಹತ್ತಿರದ ಉದಾಹರಣೆಯೇ ಇದೆ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದ್ರಾಸ್ ಶಾಸನ ಪರಿಷತ್ತಿನ ಚುನಾವಣೆಗೆ ನಿಂತು ಸ್ವಲ್ಪ ಮತಗಳಿಂದ ಸೋತರು. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಆದ್ದರಿಂದ ಆ ಪರಿಷತ್ತು ನಮ್ಮದೂ ಆಗಿತ್ತು. ಅವರನ್ನು ಚುನಾವಣೆಗೆ ನಿಲ್ಲುವಂತೆ ಹುರಿದುಂಬಿಸಿದವರು ಐರ್ಲೆಂಡಿನಿಂದ ಬಂದು ಇಲ್ಲಿಯೇ ನೆಲಸಿದ್ದ ಮಾರ್ಗರೆಟ್ ಕಸಿನ್ಸ್. ಬಂಗಾಲದ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದು ಮದ್ರಾಸಿನವರಿಗಿಂತ ನಾಲ್ಕು ವರ್ಷ ತಡವಾಗಿ, 1925ರಲ್ಲಿ.

1935ರ ಕಾಯಿದೆಯ ಪ್ರಕಾರ ರಚನೆಯಾದ ಬಂಗಾಲ ಶಾಸನಸಭೆಯ ಲೆಕ್ಕಾಚಾರ ವಿಚಿತ್ರವಾದದ್ದು. ಒಟ್ಟು 250 ಸ್ಥಾನ. ಮುಸ್ಲಿಮರಿಗೆ 117, ಸಾಮಾನ್ಯ ಎಂಬ ಹೆಸರಿನಲ್ಲಿ ಹಿಂದುಗಳಿಗೆ 78, ಅದರಲ್ಲಿ 30 ಪರಿಶಿಷ್ಟ ಜಾತಿಗಳಿಗೆ, ಹೆಂಗಸರಿಗೆಂದು 5. ಯುರೋಪಿಯನ್ನರಿಗೆ 11, ಅದು ಸಾಲದೆಂದು ವ್ಯಾಪಾರ ಮಂಡಳಿಗಳ ಹೆಸರಿನಲ್ಲಿ ಇನ್ನೂ 14. ಬೆರಳೆಣಿಕೆಯ ಬಿಳಿಯರಿಗೆ ಒಟ್ಟು 25 ಸ್ಥಾನವೆಂದರೆ ಯಾವ ಮಂತ್ರಿಮಂಡಲ ಉಳಿಯಬೇಕು, ಯಾವುದು ಬೀಳಬೇಕು ಎಂಬುದು ಎಷ್ಟೋ ಸಲ ಅವರ ಕೈಯಲ್ಲಿತ್ತು. ಈ ಸಭೆಗೆ ನೆಲ್ಲಿಯವರು 1940ರಲ್ಲಿ ಆರಿಸಿ ಬಂದರು, 1946ರಲ್ಲಿ ಮತ್ತೆ ಆರಿಸಿ ಬಂದರು. ಆ ಕಡೆಯ ಬೆಂಚುಗಳಲ್ಲಿ ಸೂಟು ಹಾಕಿದ ಇಂಗ್ಲಿಷರು. ಈ ಕಡೆ ಕಾಂಗ್ರೆಸ್ಸಿನ ಸಾಲಿನಲ್ಲಿ ಇಂಗ್ಲೆಂಡಿನಲ್ಲೇ ಹುಟ್ಟಿದ ಈ ಹೆಂಗಸು.

ಆ ಸಭೆಯ ಕಾಲವಾದರೂ ಎಂಥದು! 1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದರು. ಚಿತ್ತಗಾಂಗ್ ಒಮ್ಮೆಗೇ ಯುದ್ಧದ ಗಡಿಯಾಯಿತು. ಊರಿನ ಮೇಲೆ ಬಾಂಬು ಬಿತ್ತು. ಶತ್ರು ಬಂದರೆ ಅವನ ಕೈಗೆ ಸಿಗಬಾರದೆಂದು ಕರಾವಳಿಯ ಜನರ ದೋಣಿಗಳನ್ನೂ ಅಕ್ಕಿಯ ದಾಸ್ತಾನನ್ನೂ ಸರಕಾರ ಕಿತ್ತುಕೊಂಡಿತು. ಹೊಳೆಯೇ ರಸ್ತೆಯಾಗಿರುವ ನಾಡಿನಲ್ಲಿ ದೋಣಿ ಹೋದರೆ ಮೀನಿಲ್ಲ, ಸಂತೆಯಿಲ್ಲ, ಗದ್ದೆಗೆ ಹೋಗುವ ದಾರಿಯಿಲ್ಲ. 1943ರ ಬರಗಾಲದಲ್ಲಿ ಬಂಗಾಲದಲ್ಲಿ ಸತ್ತವರು 20ರಿಂದ 30 ಲಕ್ಷವೆಂದು ಲೆಕ್ಕ. ಊರಿನ ತುಂಬ ಪರದೇಶದ ಸೈನ್ಯ. ಹಸಿದ ಊರಿನಲ್ಲಿ ತುಂಬಿದ ಜೇಬಿನ ಸಿಪಾಯಿಗಳಿದ್ದರೆ ಹೆಂಗಸರ ಪಾಡೇನೆಂದು ಬಿಡಿಸಿ ಹೇಳಬೇಕಿಲ್ಲ. ಆ ಸೈನಿಕರ ದುರ್ವರ್ತನೆಯನ್ನು ಸರಕಾರದ ಗಮನಕ್ಕೆ ತಂದವರಲ್ಲಿ ನೆಲ್ಲಿಯವರು ಮುಖ್ಯರು. ಯುದ್ಧಕಾಲದಲ್ಲಿ ಸೈನ್ಯದ ಮೇಲೆ ದೂರು ಹೇಳುವುದು ರಾಜದ್ರೋಹಕ್ಕೆ ಸಮೀಪದ ಕೆಲಸ. ಆದರೂ ಇಂಗ್ಲಿಷ್ ಹೆಂಗಸಿನ ಬಾಯಿಂದ ಬಂದ ದೂರನ್ನು ಸುಳ್ಳೆಂದು ತಳ್ಳಿಹಾಕುವುದು ಅಧಿಕಾರಿಗಳಿಗೆ ಅಷ್ಟು ಸುಲಭವಾಗಿರಲಾರದು. ಹುಟ್ಟಿನಿಂದ ಬಂದ ಬಣ್ಣವನ್ನು ಅವರು ಎಲ್ಲಾದರೂ ಉಪಯೋಗಿಸಿಕೊಂಡಿದ್ದರೆ ಇಂಥ ಕಡೆಯೇ ಇರಬೇಕೆಂದು ನನಗನಿಸುತ್ತದೆ.

1947ರ ಜೂನ್ 20ರಂದು ಇದೇ ಬಂಗಾಲ ಶಾಸನಸಭೆಯ ಮುಂದೆ ಪ್ರಾಂತವನ್ನು ಒಡೆಯಬೇಕೇ ಎಂಬ ಪ್ರಶ್ನೆ ಬಂತು. ಪೂರ್ವದ ಜಿಲ್ಲೆಗಳ ಸದಸ್ಯರು 106ಕ್ಕೆ 35 ಮತಗಳಿಂದ ಒಡೆಯಬಾರದೆಂದರು. ಪಶ್ಚಿಮದವರು 58ಕ್ಕೆ 21 ಮತಗಳಿಂದ ಒಡೆಯಬೇಕೆಂದರು. ಎರಡರಲ್ಲಿ ಒಂದು ಭಾಗ ಬಯಸಿದರೂ ಸಾಕೆಂಬುದು ಷರತ್ತು, ಒಡೆಯಿತು. ಚಿತ್ತಗಾಂಗ್ ಪಾಕಿಸ್ತಾನಕ್ಕೆ ಹೋಯಿತು.

ಈಗ ನೆಲ್ಲಿಯವರ ಮುಂದೆ ಎರಡನೆಯ ಬಾರಿ ಅದೇ ಪ್ರಶ್ನೆ. ಪೂರ್ವ ಬಂಗಾಲದ ಅನುಕೂಲಸ್ಥ ಹಿಂದೂ ಕುಟುಂಬಗಳು, ವಕೀಲರು, ಡಾಕ್ಟರರು, ಮಾಷ್ಟ್ರುಗಳು, ಮನೆಗೆ ಬೀಗ ಹಾಕಿ ಕಲ್ಕತ್ತೆಗೆ ಹೊರಟಿದ್ದರು. ಆಕೆಗೆ ಕಲ್ಕತ್ತೆಯಲ್ಲಿ ಗೌರವದ ಸ್ಥಾನ ಕಾದಿತ್ತು. ಗಂಡನ ಹೆಸರಿನ ರಸ್ತೆಗಳೂ ಉದ್ಯಾನಗಳೂ ಅಲ್ಲಿ ಆಗಲಿದ್ದವು. ಇಂಗ್ಲೆಂಡಂತೂ ಇದ್ದೇ ಇತ್ತು. ಹಿಂದೆ ಉಳಿಯುವ ಅಲ್ಪಸಂಖ್ಯಾತರಿಗೆ ಒಬ್ಬ ಹಿರಿಯರ ನೆರಳಾದರೂ ಇರಲಿ ಎಂದು ಜವಾಹರಲಾಲ ನೆಹರು ಅವರು ಈಕೆಯನ್ನು ಪೂರ್ವ ಬಂಗಾಲದಲ್ಲೇ ಉಳಿಯುವಂತೆ ಕೇಳಿಕೊಂಡರು. ಆಕೆ ಚಿತ್ತಗಾಂಗಿನ ಗಂಡನ ಮನೆಯಲ್ಲಿ ಉಳಿದರು. ಆಗ 61 ವರ್ಷ.

ಇಲ್ಲಿ ಓದುಗರು ಒಂದು ಮಾತನ್ನು ಗಮನಿಸಬೇಕು. ಅಲ್ಪಸಂಖ್ಯಾತರ ಪರವಾಗಿ ಹೊರಗಿನಿಂದ ಮಾತನಾಡುವುದು ಬೇರೆ, ಅವರಲ್ಲೊಬ್ಬರಾಗಿ ಒಳಗೆ ಇದ್ದು ಮಾತನಾಡುವುದು ಬೇರೆ. ಹೊರಗಿನವರಿಗೆ ಸಭೆ ಮುಗಿದ ಮೇಲೆ ರೈಲು ಹತ್ತುವುದಿರುತ್ತದೆ. ಒಳಗಿರುವವರಿಗೆ ಮರುದಿನ ಅದೇ ಬೀದಿಯಲ್ಲಿ ನಡೆಯುವುದಿರುತ್ತದೆ, ಅದೇ ಅಂಗಡಿಗೆ ಹೋಗುವುದಿರುತ್ತದೆ, ಅದೇ ಕಚೇರಿಯ ಮೆಟ್ಟಲು ಹತ್ತುವುದಿರುತ್ತದೆ. ಮನೆ ಇದ್ದಲ್ಲೇ ಇದ್ದು ಗಡಿರೇಖೆ ಮಾತ್ರ ಮನೆಯ ಆಚೆಗೆ ಸರಿದುಹೋದರೆ ಏನಾಗುತ್ತದೆಂದು ನಮ್ಮ ಮನೆಗಳ ಹಿರಿಯರಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಚಿತ್ತಗಾಂಗಿನವರ ಕಷ್ಟಕ್ಕೂ ನಮ್ಮದಕ್ಕೂ ಹೋಲಿಕೆ ಅಲ್ಲಿಗೆ ಮುಗಿಯುತ್ತದೆ; ಅವರದು ಪ್ರಾಣದ ಪ್ರಶ್ನೆ, ನಮ್ಮದು ಶಾಲೆಯ, ಅರ್ಜಿಯ, ಫಲಕದ ಪ್ರಶ್ನೆ.

1950ರ ಆರಂಭದಲ್ಲಿ ಪೂರ್ವ ಬಂಗಾಲದಲ್ಲಿ ಭೀಕರ ಗಲಭೆಗಳಾದವು. ಲಕ್ಷಾಂತರ ಜನ ಗಡಿ ದಾಟಿದರು. ಪಶ್ಚಿಮ ಬಂಗಾಲದಿಂದಲೂ ಮುಸ್ಲಿಮ್ ಕುಟುಂಬಗಳು ಈಚೆ ಬಂದವು. ಆ ವರ್ಷದ ಏಪ್ರಿಲ್ 8ರಂದು ನೆಹರು ಮತ್ತು ಲಿಯಾಕತ್ ಅಲಿ ಖಾನ್ ಒಪ್ಪಂದಕ್ಕೆ ಸಹಿ ಮಾಡಿದರು. ಎರಡೂ ದೇಶಗಳು ತಮ್ಮ ಅಲ್ಪಸಂಖ್ಯಾತರಿಗೆ ಸಮಾನ ಪೌರತ್ವದ, ಪ್ರಾಣ ಮತ್ತು ಆಸ್ತಿಯ ರಕ್ಷಣೆಯ ಭರವಸೆ ಕೊಟ್ಟವು. ಕಾಗದದ ಮೇಲೆ ಬರೆದದ್ದನ್ನು ಹಳ್ಳಿಯ ಮಟ್ಟಕ್ಕೆ ಇಳಿಸುವುದು ಯಾರು? ಮನೆ ಬಿಟ್ಟು ಹೋದವನು ತಿರುಗಿ ಬಂದಾಗ ಅವನ ಮನೆಯಲ್ಲಿ ಇನ್ನೊಬ್ಬ ಕುಳಿತಿದ್ದರೆ ಬಿಡಿಸಿ ಕೊಡುವುದು ಯಾರು? ಇಂಥ ಕೆಲಸಕ್ಕೆ ಮಾತು ಬಲ್ಲವರಿಗಿಂತ ಕಚೇರಿಯಲ್ಲಿ ಕಾದು ಕುಳಿತುಕೊಳ್ಳುವ ತಾಳ್ಮೆಯವರು ಬೇಕು. ನೆಲ್ಲಿಯವರು ಪೂರ್ವ ಪಾಕಿಸ್ತಾನದ ಅಲ್ಪಸಂಖ್ಯಾತರ ಮಂಡಳಿಯ ಸದಸ್ಯೆಯಾಗಿದ್ದರು. ಸಮಾಜಸೇವೆಯನ್ನು ಕೊನೆಯವರೆಗೂ ಬಿಡಲಿಲ್ಲ. ಅಂಕಿಸಂಖ್ಯೆಗಳ ಕಡೆ ನೋಡಿದರೆ ಆ ಕೆಲಸ ಸೋತಂತೆಯೇ ಕಾಣುತ್ತದೆ. 1941ರಲ್ಲಿ ಆ ನಾಡಿನ ಜನಸಂಖ್ಯೆಯಲ್ಲಿ ನೂರಕ್ಕೆ 28ರಷ್ಟಿದ್ದ ಹಿಂದುಗಳು 1951ರಲ್ಲಿ 22ಕ್ಕೆ ಇಳಿದಿದ್ದರು. ಆದರೆ ಉಳಿದವರು ಉಳಿದದ್ದು ಇಂಥ ಕೆಲವರು ಉಳಿದುದರಿಂದ ಎಂಬುದೂ ಲೆಕ್ಕಕ್ಕೆ ಬರಬೇಕಲ್ಲ.

1954ರ ಮಾರ್ಚಿನಲ್ಲಿ ಪೂರ್ವ ಬಂಗಾಲದ ಶಾಸನಸಭೆಗೆ ಚುನಾವಣೆ ನಡೆಯಿತು. ನೆಲ್ಲಿಯವರು ಅವಿರೋಧವಾಗಿ ಆಯ್ಕೆಯಾದರು. ಅಂದರೆ ಅವರ ಎದುರು ನಿಲ್ಲಲು ಯಾರೂ ಬರಲಿಲ್ಲ. ಕಲ್ಕತ್ತಾ ಕಾರ್ಪೊರೇಶನ್, ಅವಿಭಕ್ತ ಬಂಗಾಲದ ಶಾಸನಸಭೆ, ಈಗ ಪಾಕಿಸ್ತಾನದ ಒಂದು ಪ್ರಾಂತದ ಶಾಸನಸಭೆ. ಕೇಂಬ್ರಿಜಿನ ಹುಡುಗಿ ಹತ್ತಿದ ಮೂರನೆಯ ಮೆಟ್ಟಲು ಇದು. ಆಗ 68 ವರ್ಷ.

ಆ ಚುನಾವಣೆ ನಡೆದದ್ದು ಪ್ರತ್ಯೇಕ ಮತದಾರ ಪಟ್ಟಿಗಳ ಮೇಲೆ. ಮುಸ್ಲಿಮರು ಮುಸ್ಲಿಮ್ ಸದಸ್ಯರನ್ನು, ಹಿಂದುಗಳು ಹಿಂದೂ ಸದಸ್ಯರನ್ನು ಆರಿಸಬೇಕು. 309 ಸ್ಥಾನಗಳಲ್ಲಿ 237 ಮುಸ್ಲಿಮರಿಗೆ, ಉಳಿದ 72 ಅಲ್ಪಸಂಖ್ಯಾತರಿಗೆ. ಮೇಲ್ನೋಟಕ್ಕೆ ಅಲ್ಪಸಂಖ್ಯಾತರಿಗೆ ಇದೇ ಲಾಭವೆಂದು ತೋರಬಹುದು. ಇಷ್ಟು ಸ್ಥಾನ ಖಚಿತವಾಗಿ ಸಿಗುತ್ತದಲ್ಲ! ಆದರೆ ಅಲ್ಲಿನ ಹಿಂದೂ ನಾಯಕರಲ್ಲಿ ಹೆಚ್ಚಿನವರು ಬೇಡಿದ್ದು ಇದಕ್ಕೆ ವಿರುದ್ಧವಾದುದನ್ನು, ಎಲ್ಲರಿಗೂ ಒಂದೇ ಮತದಾರ ಪಟ್ಟಿಯನ್ನು. ತನ್ನ ಮತ ಬೇಕಾಗಿಲ್ಲದ ಅಭ್ಯರ್ಥಿ ತನ್ನ ಬಾಗಿಲಿಗೆ ಬರುವುದಿಲ್ಲ, ತನ್ನ ಕಷ್ಟ ಕೇಳುವುದಿಲ್ಲ ಎಂಬುದು ಅವರ ಅನುಭವ. ನೆರೆಮನೆಯವನಿಗೆ ನಮ್ಮ ಮತದ ಅಗತ್ಯ ಬೀಳಬೇಕು. ಆಗಲೇ ನಾವು ಅವನ ಊರಿನವರು. 1956ರ ಅಕ್ಟೋಬರದಲ್ಲಿ ಪೂರ್ವ ಪಾಕಿಸ್ತಾನದ ಶಾಸನಸಭೆ ಒಂದೇ ಪಟ್ಟಿಯ ಪರವಾಗಿ ನಿರ್ಣಯ ಮಾಡಿತು, ಢಾಕಾದಲ್ಲಿ ಸೇರಿದ ರಾಷ್ಟ್ರೀಯ ಸಭೆ ಅದನ್ನು ಕಾನೂನು ಮಾಡಿತು.

ಭಾಷೆಯ ಪ್ರಶ್ನೆಯನ್ನೂ ಇಲ್ಲಿ ಹೇಳದೆ ಬಿಡಲಾಗದು. ಪಾಕಿಸ್ತಾನದ ಸಂವಿಧಾನ ಸಭೆಯಲ್ಲಿ 1948ರಲ್ಲೇ ಬಂಗಾಲಿಗೂ ಸ್ಥಾನ ಬೇಕೆಂದು ಎದ್ದು ನಿಂತು ಕೇಳಿದವರು ಕುಮಿಲ್ಲಾದ ಧೀರೇಂದ್ರನಾಥ ದತ್ತ, ಅಲ್ಪಸಂಖ್ಯಾತರ ಪೈಕಿಯವರು. ಆಗ ತಿರಸ್ಕೃತವಾದ ಆ ಬೇಡಿಕೆಗಾಗಿ 1952ರ ಫೆಬ್ರುವರಿ 21ರಂದು ಢಾಕಾದ ವಿದ್ಯಾರ್ಥಿಗಳು ಗುಂಡಿಗೆ ಎದೆಯೊಡ್ಡಿದರು. 1954ರ ಚುನಾವಣೆಯಲ್ಲಿ ಮುಸ್ಲಿಮ್ ಲೀಗ್ ನೆಲಕಚ್ಚಿದ್ದಕ್ಕೆ ಅದೇ ದೊಡ್ಡ ಕಾರಣ. 1956ರ ಮಾರ್ಚ್ 23ರ ಸಂವಿಧಾನದಲ್ಲಿ ಬಂಗಾಲಿ ಉರ್ದುವಿನೊಡನೆ ರಾಜ್ಯಭಾಷೆಯಾಯಿತು. ಅದೇ ವರ್ಷ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಕ್ಯಾಲೆಂಡರಿನಲ್ಲಿ ಎರಡೂ ಒಂದೇ ವರ್ಷ.

ಶಾಸನಸಭೆಯ ಬಾಳು ಮಾತ್ರ ನೆಮ್ಮದಿಯದಾಗಿರಲಿಲ್ಲ. ಚುನಾವಣೆಯಾಗಿ ಮೂರು ತಿಂಗಳೊಳಗೆ ಕೇಂದ್ರ ಸರಕಾರ ಮಂತ್ರಿಮಂಡಲವನ್ನು ವಜಾ ಮಾಡಿ ಗವರ್ನರ ಆಡಳಿತ ಹೇರಿತು. ಮುಂದೆ ಮಂತ್ರಿಮಂಡಲಗಳು ಒಂದರ ಹಿಂದೆ ಒಂದು ಎದ್ದು ಬಿದ್ದವು. ಪಕ್ಷಗಳು ಸಮಸಮವಾಗಿದ್ದುದರಿಂದ ಅಲ್ಪಸಂಖ್ಯಾತ ಸದಸ್ಯರ ಬೆಂಬಲಕ್ಕೆ ಬೆಲೆ ಬಂದಿತ್ತು. ಧೀರೇಂದ್ರನಾಥ ದತ್ತರೂ ಮಂತ್ರಿಯಾದರು. 1958ರ ಸೆಪ್ಟೆಂಬರಿನಲ್ಲಿ ಸಭೆಯೊಳಗೇ ಹೊಡೆದಾಟವಾಗಿ ಡೆಪ್ಯುಟಿ ಸ್ಪೀಕರ್ ಶಾಹೆದ್ ಅಲಿ ಏಟು ತಿಂದು ಸತ್ತರು. ಅಕ್ಟೋಬರ್ 7ರಂದು ಸೈನಿಕ ಕಾನೂನು ಘೋಷಣೆಯಾಗಿ ಶಾಸನಸಭೆಗಳೆಲ್ಲ ರದ್ದಾದವು. ಹೀಗೆ 72ನೆಯ ವಯಸ್ಸಿನಲ್ಲಿ ನೆಲ್ಲಿಯವರ ಶಾಸನಸಭೆಯ ಬಾಳು ಮುಗಿಯಿತು. ಮನೆ ಮಾತ್ರ ಅದೇ ಮನೆ, ರಹಮತ್‌ಗಂಜ್ ಬೀದಿಯದು.

1965ರ ಯುದ್ಧದ ಕಾಲದಲ್ಲಿ ಪಾಕಿಸ್ತಾನ ಸರಕಾರ ಶತ್ರು ಆಸ್ತಿ ಕಾನೂನು ತಂದಿತು. ಭಾರತಕ್ಕೆ ಹೋಗಿ ನೆಲಸಿದವರ ಆಸ್ತಿ ಶತ್ರುವಿನದೆಂದು ಲೆಕ್ಕ. ಅಣ್ಣ ಕಲ್ಕತ್ತೆಯಲ್ಲಿದ್ದರೆ ತಮ್ಮ ಕುಳಿತ ಮನೆಗೂ ಸಂಚಕಾರ. 1971ರಲ್ಲಿ ಬಾಂಗ್ಲಾದೇಶ ಹುಟ್ಟಿದಾಗ ನೆಲ್ಲಿಯವರಿಗೆ 85. ಬ್ರಿಟಿಷ್ ಇಂಡಿಯಾ, ಪಾಕಿಸ್ತಾನ, ಬಾಂಗ್ಲಾದೇಶ. ಮನೆ ಬದಲಿಸದೆ ಮೂರು ಬಾವುಟಗಳನ್ನು ಕಂಡರು. ಹುಟ್ಟಿದ ಇಂಗ್ಲೆಂಡಿನದು ಬೇರೆ.

ಮುಪ್ಪಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಪ್ರಧಾನಿ ಇಂದಿರಾ ಗಾಂಧಿಯವರು ಆಸಕ್ತಿ ವಹಿಸಿ ಕಲ್ಕತ್ತೆಗೆ ಕರೆಸಿ ಶಸ್ತ್ರಚಿಕಿತ್ಸೆ ಮಾಡಿಸಿದರು, ವೆಚ್ಚವನ್ನು ಭಾರತ ಸರಕಾರ ಭರಿಸಿತು. ಕಲ್ಕತ್ತೆಯ ಜನ ಅದ್ದೂರಿಯ ಸ್ವಾಗತ ಕೊಟ್ಟರು. 1973ರಲ್ಲಿ ಭಾರತ ಸರಕಾರ ಪದ್ಮವಿಭೂಷಣ ಪ್ರಶಸ್ತಿ ನೀಡಿತು. ಅದೇ ವರ್ಷ ಅಕ್ಟೋಬರ್ 23ರಂದು ಕಲ್ಕತ್ತೆಯಲ್ಲಿಯೇ ಕಣ್ಣು ಮುಚ್ಚಿದರು. 1985ರಲ್ಲಿ ಅಂಚೆ ಇಲಾಖೆ ಗಂಡ ಹೆಂಡತಿ ಇಬ್ಬರ ಚಿತ್ರವನ್ನೂ ಕೂಡಿಸಿ ಒಂದು ಅಂಚೆಚೀಟಿ ಹೊರಡಿಸಿತು.

ರಹಮತ್‌ಗಂಜಿನ ಮನೆಯ ಕಥೆ ಮಾತ್ರ ಇನ್ನೂ ಮುಂದುವರಿಯಿತು. ಅದೂ ಶತ್ರು ಆಸ್ತಿಯ ಪಟ್ಟಿಗೆ ಸೇರಿತು. ಯಾರು ತನ್ನ ಇಳಿವಯಸ್ಸಿನವರೆಗೂ ಆ ಊರನ್ನು ಬಿಟ್ಟು ಹೋಗಲಿಲ್ಲವೋ ಅವರ ಮನೆಗೆ ಬಿಟ್ಟುಹೋದವರ ಹಣೆಪಟ್ಟಿ! ಬಹುಕಾಲ ಅಲ್ಲಿ ಒಂದು ಶಾಲೆ ನಡೆಯುತ್ತಿತ್ತು. 2021ರ ಜನವರಿಯಲ್ಲಿ ಆ ಜಾಗ ತಮ್ಮದೆಂದು ಹೇಳಿಕೊಂಡವರು ಯಂತ್ರ ತಂದು ಮನೆಯನ್ನು ಕೆಡವತೊಡಗಿದರು. ಸುದ್ದಿ ತಿಳಿದು ಊರಿನ ವಕೀಲರೂ ನಾಗರಿಕರೂ ಓಡಿಬಂದು ಯಂತ್ರದ ಮುಂದೆ ನಿಂತರು. ಮುಂಭಾಗದ ಸ್ವಲ್ಪ ಗೋಡೆ ಹೋಗಿತ್ತು, ಉಳಿದದ್ದು ಉಳಿಯಿತು. ಜಿಲ್ಲಾಡಳಿತ ಮನೆಯನ್ನು ತನ್ನ ವಶಕ್ಕೆ ತೆಗೆದುಕೊಂಡು, ಅಲ್ಲಿ ಒಂದು ವಸ್ತುಸಂಗ್ರಹಾಲಯ ಆಗಬೇಕೆಂದು ಸಾರಿತು.

ಪ್ರಶ್ನೆ ಕೇಳಿದ ಹುಡುಗಿ ಈಗ ನನ್ನ ತರಗತಿಯಲ್ಲಿಲ್ಲ. ಹತ್ತನೆಯದು ಮುಗಿಸಿ ಹೋಗಿದ್ದಾಳೆ. ಅವಳ ಮನೆಗೆ ಈ ಪತ್ರಿಕೆ ಬರುತ್ತದೆಂದು ಬಲ್ಲೆ.